ಭಾನುವಾರ ಮಾತ್ರ

ಸಂಜೆ, ವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೆಮ್ಮಿನ ಔಷಧಿಗೆಂದು ಬಂದ ಹುಡುಗಿಯೊಬ್ಬಳು ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಸೊಸೆ. ಸೊಸೆಯ ಮಡಿಲಲ್ಲಿ, ಅಜ್ಜಿಕತೆಯ ನಿಧಿ ಕಾಯುವ ಸರ್ಪದ ಹಾಗೆ ಹೊಟ್ಟೆ ಹಿಡಿದು ಮುದುಡಿದ್ದ ಪುಟ್ಟ ಮಗಳು. ಅವರ ಮಾತು ಕಿವಿಗೆ ಬಿದ್ದು ಹುಡುಗಿಯ ನಿದ್ದೆ ಹಾರಿತು.

“ಒಣದ್ರಾಕ್ಷಿ ನೆನೆಸಿ ಕೊಟ್ಟೆ, ಬಿಸಿ ಹಾಲಿಗೆ ತುಪ್ಪ ಹಾಕಿ ಕುಡಿಸಿದೆ, ಹೊಟ್ಟೆಗೆ ಹರಳೆಣ್ಣೆ ತಿಕ್ಕಿದೆ. ಜಪ್ಪಯ್ಯ ಅಂದ್ರೂ ಮಹಾರಾಣಿ ಕಕ್ಕ ಮಾಡಲ್ಲ ಕಣೇ.”

“ಭಾನುವಾರ ಮಾಡ್ತಾಳಲ್ಲ ಅತ್ತೆ?”

“ಭಾನುವಾರ ಮಾತ್ರ. ಅವತ್ತು ನಾನು ಏನೂ ಕೊಟ್ಟೇ ಇರಲ್ಲ.”

“ಮತ್ತೆ ಹೇಗೆ?”

“ನೀನು ಬಚ್ಚಲ ಬಾಗಿಲಲ್ಲಿ ಕೂತು ಕತೆ ಹೇಳ್ತೀಯಲ್ಲ! ಮಿಕ್ಕ ದಿನ ಅವಳು ಏಳೋ ಹೊತ್ತಿಗೆ ನೀನು ಕಾರ್ಖಾನೇಲಿ ಇರ್ತೀಯ.”

“ನೀವೇ ಹೇಳಬಾರದಾ ಕತೆ?”

“ಹೇಳದೆ ಬಿಟ್ಟೆನಾ? ‘ಅಮ್ಮ ಬರಲಿ’ ಅಂತ ಬಿಗಿಹಿಡೀತಾಳೆ. ನೀನು ಬರೋ ಹೊತ್ತಿಗೆ ಒಳಗೆ ಕಲ್ಲಾಗಿರುತ್ತೆ.”

ಸೊಸೆ ಮಗಳ ಹೊಟ್ಟೆ ನೀವಿದಳು.

“ಬೆಳಗಿನ ಪಾಳಿ ತಪ್ಪಿಸಿ ಅಂತ ಕೇಳ್ದೆ. ಹಾಗಾದ್ರೆ ಮನೇಲೇ ಇದ್ದುಬಿಡು ಅಂದ್ರು.”

“ಇದನ್ನ ವೈದ್ಯರಿಗೆ ಹೇಳೋಣ್ವಾ?”

ಅಷ್ಟರಲ್ಲಿ ಒಳಗಿನಿಂದ ಕರೆದರು. ಸೊಸೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಬೇಡ ಅತ್ತೆ. ಕಕ್ಕ ಆಗೋಕೆ ಏನಾದ್ರೂ ಪುಡಿ ಕೇಳೋಣ. ಪುಡಿ ಕುಡಿಸೋಕೆ ರಜೆ ಬೇಕಾಗಲ್ಲ,” ಎನ್ನುತ್ತ ಒಳಗೆ ಹೋದಳು.