ಒಂಬತ್ತು ಮೀಟರಿನ ಇನ್ನೊಂದು ತುದಿ

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲೆ ಸುಗನಾ ಬಾಯಿಯವರೇ, ಫ್ಯಾಷನ್ ಕಲಿಯುತ್ತಿರುವ ಮಕ್ಕಳೇ, ನನ್ನ ಜೋಧಪುರದ ಸಭಿಕರೇ,

ಪಗಡಿ ಈಗ ಫ್ಯಾಷನ್ ಆಗಿದೆ, ಅದರ ಮೂಲದ ಬಗ್ಗೆ ನಾಲ್ಕು ಮಾತಾಡಿ ಎಂದು ಈ ತೇಜಮಲನನ್ನು ಕರೆದಿದ್ದೀರಿ. ಈಗಷ್ಟೇ ಒಬ್ಬ ವಿದ್ಯಾರ್ಥಿ ಬಿಳಿ ಪಗಡಿ ತೊಟ್ಟು ಕುಣಿಯುತ್ತ ಬಂದ. ನೀವು ಚಪ್ಪಾಳೆ ಹೊಡೆದಿರಿ. ನಾನು ಮಾತ್ರ, ಪಾಪ, ಇವನ ಅಪ್ಪ ಯಾವಾಗ ತೀರಿಕೊಂಡರು ಎಂದು ಪಕ್ಕದವರನ್ನು ಕೇಳಿಬಿಟ್ಟೆ. ನಗಿ, ತಪ್ಪಿಲ್ಲ. ನಮ್ಮಲ್ಲಿ ಬಿಳಿ ಸೂತಕದ ಬಣ್ಣ.

ಪಗಡಿಯ ಮೂಲ ಎಲ್ಲಿ? ಅರಮನೆಯಲ್ಲೇ? ಯುದ್ಧದಲ್ಲೇ? ನನಗೆ ಗೊತ್ತಿರುವ ಮೂಲ ಒಂದೇ, ನಮ್ಮಣ್ಣ ಪುಖರಾಜ. ಒಂಬತ್ತು ಮೀಟರ್ ಬಟ್ಟೆಯ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು, ಬಿಗಿಯಾಗಿ ಎಳೆದು ಮಡಿಸುತ್ತಿದ್ದೆವು. ಆಮೇಲೆ ಗಿರಾಕಿಯ ತಲೆಗೆ ಅವನೇ ಸುತ್ತುತ್ತಿದ್ದ.

ಟೋಪಿಯಂತೆ ಹಾಕಿಕೊಳ್ಳುವ ಹೊಲಿದ ಪಗಡಿಯನ್ನು ನಮ್ಮ ಗಲ್ಲಿಗೆ ತಂದವನು ನಾನು. ಇವತ್ತಿನ ಸನ್ಮಾನವೂ ಅದಕ್ಕೇ. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಲೋ ತೇಜಾ, ಇದೇನು ಗಡಿಗೆ ಮುಚ್ಚಳವೇನೋ?" ಅಂದ. "ನಿಂಗೆ ಹೊಟ್ಟೆಕಿಚ್ಚು" ಅಂದೆ. ಅಷ್ಟಕ್ಕೇ ಹನ್ನೊಂದು ವರ್ಷ ಮಾತು ಬಿಟ್ಟೆವು. ಅವನು ಹಾಸಿಗೆ ಹಿಡಿದಾಗಲೂ, ಹೇಳಿಕಳಿಸಲಿ, ಹೋಗೋಣ ಎಂದು ಕೂತೆ. ಅವನು ಹೇಳಿಕಳಿಸಲಿಲ್ಲ, ಹಾಗೇ ತೀರಿಕೊಂಡ. ಎಂಥ ಮೂರ್ಖ ನಾನು.

ನಮ್ಮಲ್ಲಿ ಅಪ್ಪ ಸತ್ತರೆ ಹನ್ನೆರಡನೆಯ ದಿನ ಹಿರಿಮಗನಿಗೆ ಪಗಡಿ ಕಟ್ಟುತ್ತೇವೆ. ನಮ್ಮ ಮನೆತನದಲ್ಲಿ ಕಟ್ಟಬೇಕಾದವನು ಚಿಕ್ಕಪ್ಪ. ಅಣ್ಣನಿಗೆ ಇದೊಂದನ್ನಾದರೂ ಸಲ್ಲಿಸೋಣ ಎಂದು ಬಿಳಿ ಬಟ್ಟೆ ಹಿಡಿದು ಹೋದೆ. ಅವನ ಮಗ ಖೀವರಾಜ ಆಗಲೇ ಪಗಡಿ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಗಾಬರಿಯಾದ.

"ಕಾಕಾ, ನೀವು ಬರಲ್ಲ ಅಂದ್ಕೊಂಡ್ವಿ. ಕಟ್ಟೋರು ಯಾರೂ ಸಿಗ್ಲಿಲ್ಲ. ಹೊಲಿದಿದ್ದೇ ತಂದು ಹಾಕ್ಕೊಂಡೆ. ನಿಮ್ಮಂಗಡೀದೇ."

ಆ ದಿನ ತಲೆಗೇರಿದ ಪಗಡಿಯನ್ನು ಇಳಿಸುವಂತಿಲ್ಲ. ಇಳಿಸಿದರೆ ಸತ್ತವರಿಗೆ ಅವಮಾನ. ತಂದ ಬಟ್ಟೆಯನ್ನು ಹಾಗೇ ಮನೆಗೆ ಹೊತ್ತು ಬಂದೆ. ದಾರಿಯುದ್ದಕ್ಕೂ ಅತ್ತೆ.

ಅಧ್ಯಕ್ಷರು ಕ್ಷಮಿಸಬೇಕು. ನನ್ನ ತಲೆಗಿಡಲು ಈ ತಟ್ಟೆಯಲ್ಲಿ ತಂದಿಟ್ಟ ಪಗಡಿಯೂ ನನ್ನ ಅಂಗಡಿಯದೇ. ನೀವು ನನ್ನನ್ನು ಹೊಗಳುತ್ತಿದ್ದಾಗ ಕೂತಲ್ಲೇ ಅದರ ಹೊಲಿಗೆ ಬಿಚ್ಚಿಬಿಟ್ಟೆ. ಈಗ ಇದು ಬರೀ ಬಟ್ಟೆ. ಒಂದು ತುದಿ ನನ್ನ ಕೈಯಲ್ಲಿದೆ. ಇನ್ನೊಂದು ತುದಿ ಹಿಡಿಯಬೇಕಾದವನು ಇಲ್ಲ.

ಕರೆದು ಗೌರವಿಸಿದ ನಿಮಗೆಲ್ಲ ನಾನು ಋಣಿ. ಬರಿದಲೆಯಲ್ಲೇ ನಮಸ್ಕಾರ.