ತಲೆಕೆಳಗಾದ ಕಾಗದ

...ಇಲ್ಲ ವರ್ಡೆಲ್ ಅಕ್ಕ, ಮೊದಲು ಪೂರ್ತಿ ಕೇಳು, ಆಮೇಲೆ ಬೈಯುವಿಯಂತೆ. ಅಮ್ಮನ ಕೋಣೆಗೆ ನಾನೇನೂ ನುಗ್ಗಲ್ಲ. ನೀನು ಇಸ್ತ್ರಿ ಹಲಗೇನ ಸರಿಯಾಗಿ ಅವಳ ಬಾಗಿಲಿಗೇ ಅಡ್ಡ ಹಾಕ್ಕೊಂಡು ನಿಂತಿದ್ದೀಯ, ನುಗ್ಗೋದಾದ್ರೂ ಹೇಗೆ? ನಾಳೆ ಭಾನುವಾರ, ಚರ್ಚಿನ ಬಿಳೀ ಉಡುಪು ಇಸ್ತ್ರಿ ಆಗ್ಬೇಕು, ಸರಿ. ಆದ್ರೆ ಒಂದೇ ತೋಳನ್ನ ಎಷ್ಟು ಸಲ ತಿಕ್ತೀಯ? ಸೀದುಹೋಗುತ್ತೆ!

ಯಾಕೆ ಹಾಗೆ ನೋಡ್ತೀಯ? ಅಮ್ಮನ್ನ ನೋಡೋಕೆ ಬಂದೆ. ಮಂಗಳವಾರದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ, ತಟ್ಟೆ ಮುಟ್ಟಿದ್ರೆ ಮುಟ್ಟಿದ್ಳು ಇಲ್ದಿದ್ರೆ ಇಲ್ಲ ಅಂತ ಕೆಳಗಿನ ಮನೆ ಮಿಸೆಸ್ ಟಾಲಿವರ್ ಹೇಳಿದ್ರು. ಒಂದು ಮಾತು ಆಡಿ ಹೋಗ್ತೀನಿ. ಅವಳು ತಪ್ಪು ತಿಳ್ಕೊಂಡಿದ್ದಾಳೆ ಅಕ್ಕ. ಬಿಡಿಸಿ ಹೇಳ್ಬೇಕು... ಅಷ್ಟೆ.

ನೋಡು, ರೇಡಿಯೋ ನಾಟಕ ಹೇಗೆ ನಡೆಯುತ್ತೆ ಅಂತ ನಿಂಗೆ ಗೊತ್ತಿಲ್ಲ, ಅದನ್ನ ಮೊದಲು ಹೇಳ್ತೀನಿ. ಬಿಳಿಯರದ್ದೊಂದು ಮನೆ. ಅಲ್ಲಿ ಪ್ಯಾನ್ಸಿ ಅಂತ ಕರಿಯ ಅಡುಗೆಯವಳು, ಅವಳು ನಾನು. ಇಡೀ ನಾಟಕದಲ್ಲಿ ನಿಜವಾದ ಕರಿಯವಳು ನಾನೊಬ್ಬಳೇ. ಕಾರು ಓಡಿಸೋ ಕರಿಯ ಮೋಸಸ್ ಇದ್ದಾನಲ್ಲ, ಅವನ ಮಾತಿಗೆ ನೀನು ಹೊಟ್ಟೆ ಹಿಡ್ಕೊಂಡು ನಗ್ತೀಯಲ್ಲ, ಆ ಪಾತ್ರ ಮಾಡೋನು ಬಿಳಿಯ, ಐರಿಷ್ ಮನುಷ್ಯ! ಕೆಂಪು ಕೂದಲು! ಕರಿಯರು ಹೇಗೆ ಮಾತಾಡ್ತಾರೆ ಅಂತ ನಂಗೆ ಹೇಳಿಕೊಡೋನೂ ಅವನೇ. 'ಒಜೆಲಾ, ಇನ್ನೂ ಎಳೀಬೇಕು. ಬಾಯಲ್ಲಿ ಬಿಸಿ ಗೆಣಸು ಇದೆ ಅನ್ಕೋ' ಅಂತಾನೆ. ಜಾರ್ಜಿಯಾದಲ್ಲಿ ಹುಟ್ಟಿದ ಕರಿಯವಳಿಗೆ! ನಗು ಬರಲ್ವಾ?... ಹೋಗ್ಲಿ ಬಿಡು, ನಂಗೂ ಬರ್ತಿರ್ಲಿಲ್ಲ.

ಬರೆಯೋನು ಹಾಲ್ಡೇನ್ ಅಂತ. ಅವನು ಟೈಪ್ ಮಾಡಿ ಕೊಟ್ಟಿದ್ದನ್ನ ನಾವು ಮೈಕಿನ ಮುಂದೆ ನಿಂತು ಓದ್ತೀವಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ, ಗಡಿಯಾರ ನೋಡ್ತಾ ಕೂತಿರ್ತಾರೆ. ಹಾಗಿದ್ಮೇಲೆ ನನ್ನ ಬಾಯಿಂದ ಏನು ಬಂದ್ರೂ ಅದು ಹಾಲ್ಡೇನ್ ಮಾತು. ನನ್ನದಲ್ಲ. ಅರ್ಥ ಆಯ್ತಲ್ಲ?

ಮಂಗಳವಾರದ್ದೂ ಹಾಗೇನೆ. ಪ್ಯಾನ್ಸಿಗೆ ಓದೋಕೆ ಬರಲ್ಲ. ಅವಳಿಗೊಂದು ಕಾಗದ ಬರುತ್ತೆ. ಮನೆಯವರ ಮುಂದೆ ಗತ್ತಿನಿಂದ ಬಿಚ್ಚಿ, ಓದಿದ ಹಾಗೆ ಮಾಡ್ತಾಳೆ. ಮನಸ್ಸಿಗೆ ಬಂದದ್ದೆಲ್ಲ ಹೇಳ್ತಾಳೆ. ಆಗ ಯಜಮಾನ, 'ಪ್ಯಾನ್ಸಿ, ಕಾಗದ ತಲೆಕೆಳಗೆ ಹಿಡಿದಿದ್ದೀಯಲ್ಲೇ' ಅಂತಾನೆ. ಅಷ್ಟೇ ಹಾಸ್ಯ. ಎಷ್ಟು ಹಳೇದು ಇದು! ಗುಡಾರದ ನಾಟಕದವರು ನಮ್ಮಜ್ಜಿ ಕಾಲದಿಂದ ಆಡ್ತಿದ್ದಾರೆ. ಹಾಲ್ಡೇನ್‌ಗೆ ನಮ್ಮಮ್ಮ ಯಾರು ಅಂತ ಏನು ಗೊತ್ತು? ಕಾಕತಾಳೀಯ ಅಕ್ಕ, ಬರೀ ಕಾಕತಾಳೀಯ!

...ಇಸ್ತ್ರಿ ಯಾಕೆ ನಿಲ್ಲಿಸ್ದೆ?

ನಂಗೆ ಮರೆತಿದೆ ಅನ್ಕೊಂಡ್ಯಾ? ಮರೆತಿಲ್ಲ. ಮಹಾಯುದ್ಧ ಮುಗಿದ ವರ್ಷ, ಕ್ರಿಸ್‌ಮಸ್ ಹತ್ರ. ಥಿಯೋಟಿಸ್ ಅಣ್ಣ ಫ್ರಾನ್ಸಿನಲ್ಲಿದ್ದ. ನೀನು ಹನ್ನೊಂದು, ನಾನು ಎಂಟು. ಅಮ್ಮ ಗೇಟಿನ ಹತ್ರದಿಂದ ಕಾಗದ ಹಿಡ್ಕೊಂಡು ಬಂದಳು, ಒಲೆ ಮುಂದೆ ಕೂತು ನಮಗೆ ಓದಿ ಹೇಳಿದಳು. ಅಣ್ಣ ಚೆನ್ನಾಗಿದ್ದಾನಂತೆ, ಅಲ್ಲಿ ಚಳಿಯಂತೆ, ಬರ್ತಾ ಅಮ್ಮನಿಗೊಂದು ನೀಲಿ ಟೋಪಿ ತರ್ತಾನಂತೆ. ಅಮ್ಮನಿಗೆ ಓದೋಕೆ ಬರ್ತಿರ್ಲಿಲ್ಲ, ನಾವಿಬ್ರೂ ಶಾಲೆಗೆ ಹೋಗ್ತಿದ್ವಿ, ಅಕ್ಷರ ಗೊತ್ತಿತ್ತು. ಕಾಗದದ ತಲೆಯಲ್ಲಿರ್ಬೇಕಾದ ಸರ್ಕಾರದ ಹದ್ದಿನ ಮುದ್ರೆ ಕೆಳಗೆ ತಲೆಕೆಳಗಾಗಿ ನೇತಾಡ್ತಿತ್ತು. ನೀನು ನನ್ನ ತೊಡೆ ಚಿವುಟಿದೆ, ಮಾತಾಡ್ಬೇಡ ಅಂತ. ಮಾರನೇ ದಿನ ಅಮ್ಮ ಬಟ್ಟೆ ಒಗೆಯೋಕೆ ಹೋದಾಗ ಹಾಸಿಗೆ ಕೆಳಗಿಂದ ತೆಗೆದು ಓದಿದ್ವಿ. ಅಣ್ಣ ಸತ್ತು ಆರು ವಾರ ಆಗಿತ್ತು.

ಟಪಾಲಿನವನು ಗೇಟಲ್ಲೇ ಅವಳಿಗೆ ಓದಿ ಹೇಳಿದ್ದ. ಗೊತ್ತಿದ್ದೇ ಒಳಗೆ ಬಂದಿದ್ದಳು. ಅದನ್ನ ಈಸ್ಟರ್ ಆದ್ಮೇಲೆ ಅವಳೇ ಹೇಳಿದಳು. ಅಲ್ಲೀವರೆಗೆ ಪ್ರತಿ ಭಾನುವಾರ ಅದೇ ಕಾಗದ, ಹೊಸ ಹೊಸ ಸುದ್ದಿ. ನಾವೂ ಬಾಯಿ ತೆರೆದು ಕೇಳಿದ್ವಿ, ಗೊತ್ತಿಲ್ಲದ ಹಾಗೆ. 'ಆ ಒಂದು ಕ್ರಿಸ್‌ಮಸ್ ನನ್ನ ಮಕ್ಕಳಿಗೆ ಉಳಿಸಿಕೊಟ್ಟೆ' ಅಂತ ಚರ್ಚಿನಲ್ಲಿ ಎಷ್ಟು ಜನರ ಮುಂದೆ ಹೇಳಿಲ್ಲ ಅವಳು! ಇಡೀ ಜನ್ಮದಲ್ಲಿ ಒಂದು ಮೋಸ ಮಾಡಿದ್ದೀನಿ, ದೇವರು ಅದನ್ನ ಕ್ಷಮಿಸ್ತಾನೆ ಅಂತ.

ಎಲ್ಲಾ ನೆನಪಿದೆ. ಅದಕ್ಕೇ ಹೇಳ್ತಿರೋದು, ಬರೆದಿದ್ದು ಹಾಲ್ಡೇನ್ ಅಂತ!

ನಂಬಲ್ವಾ? ಇಗೋ, ನಾಟಕದ ಪ್ರತೀನೇ ತಂದಿದ್ದೀನಿ. ಹಿಡಿ. ಹನ್ನೊಂದನೇ ಪುಟ ನೋಡು, ಟೈಪ್ ಅಕ್ಷರ, ನನ್ನ ಹತ್ರ ಟೈಪ್ ಯಂತ್ರ ಎಲ್ಲಿಂದ ಬರ್ಬೇಕು? ಮೇಲಿಂದ ಓದು... ಅದು ಬೇಡ, ಅದು ಹೊಡೆದು ಹಾಕಿದ್ದು, ಕರಿಯರನ್ನ ಆಡ್ಕೊಳ್ಳೋ ಅದೇ ಹಳೇ ಕಲ್ಲಂಗಡಿ ಹಣ್ಣಿನ ಜೋಕು. ಪಕ್ಕದಲ್ಲಿರೋದು... ಅದು ಪೆನ್ಸಿಲ್. ಎಲ್ಲರೂ ಪೆನ್ಸಿಲ್‌ನಲ್ಲಿ ಗುರುತು ಹಾಕ್ಕೊಳ್ತಾರೆ ಅಕ್ಕ. ಅಭ್ಯಾಸ ಮಾಡುವಾಗ ಮಾತು ಬದಲಾಗುತ್ತೆ, ಬರ್ಕೊಳ್ತೀವಿ...

ಬೆರಳು ಯಾಕೆ ಅಲ್ಲೇ ಇಟ್ಕೊಂಡಿದ್ದೀಯ? ಹೂಂ, ನೀಲಿ ಟೋಪಿ. ಬರಹ ನನ್ನದೇ. ಬರ್ಕೊಂಡಿದ್ದು ನಾನು ಅಂದ ಮಾತ್ರಕ್ಕೆ ಹೇಳಿಕೊಟ್ಟಿದ್ದೂ ನಾನೇ ಅಂತ ಆಗಲ್ಲ. ಹಾಲ್ಡೇನ್ ಹೇಳಿದ, ನಾನು ಬರ್ಕೊಂಡೆ. ಅವನು ನೀಲಿ ಟೋಪಿ ಅಂದ. ಅವನು... ಚಳಿ ಅಂದ...

ಆ ಪುಟ ಮುಚ್ಚಿಬಿಡು ಅಕ್ಕ.

ಸರಿ! ನಾನೇ. ನಾನೇ ಕೊಟ್ಟೆ! ಸಮಾಧಾನ ಆಯ್ತಾ?

ನಿಂಗೆ ಗೊತ್ತಿಲ್ಲ ಅಲ್ಲಿ ಏನಾಯ್ತು ಅಂತ. ಕಲ್ಲಂಗಡಿ ಜೋಕಿಗೆ ಒಂದು ನರಪಿಳ್ಳೆಯೂ ನಗಲಿಲ್ಲ. ನಾಟಕಕ್ಕೆ ದುಡ್ಡು ಕೊಡೋ ಸೋಪಿನ ಕಂಪನಿಯವನು ಗಾಜಿನ ಆಚೆ ಕೂತು ತಲೆ ಅಲ್ಲಾಡಿಸ್ದ. 'ಈಕೆ ಸಾಕಷ್ಟು ಕರಿಯವಳ ಹಾಗೆ ಕೇಳಿಸಲ್ಲ, ನ್ಯೂಯಾರ್ಕಿನಲ್ಲಿ ಒಬ್ಬ ಗಂಡಸಿದ್ದಾನೆ, ಕರಿಯ ಹೆಂಗಸಿನ ದನಿ ಇವಳಿಗಿಂತ ಚೆನ್ನಾಗಿ ಮಾಡ್ತಾನೆ' ಅಂದ. ನನ್ನೆದುರೇ! ಬಿಳೀ ಗಂಡಸು ಅಕ್ಕ! ನನ್ನ ಕೆಲಸ ಹೋದ್ರೆ ಇಡೀ ಕಟ್ಟಡದಲ್ಲಿ ನಮ್ಮವರು ಅಂತ ಉಳಿಯೋದು ನೆಲ ಒರೆಸೋನು ಒಬ್ಬನೇ. ನಾನು... ನನ್ನ ಬಾಯಿಂದ ಬಂದುಬಿಡ್ತು. 'ನಂಗೊಂದು ಗೊತ್ತು' ಅಂದೆ.

ಎಲ್ಲರೂ ನನ್ನ ಕಡೆ ತಿರುಗಿ ಕೂತ್ರು. ಎರಡು ವರ್ಷದಲ್ಲಿ ಮೊದಲ ಸಲ. ಹಾಲ್ಡೇನ್ ಕುರ್ಚಿ ಎಳೆದು ಕೊಟ್ಟ. ನಾನು ಅಮ್ಮನ ಹಾಗೆ ಕೂತೆ, ಅಮ್ಮನ ಹಾಗೆ ಗಂಟಲು ಸರಿ ಮಾಡ್ಕೊಂಡೆ... ಅವರು ನಕ್ಕರು. ಐರಿಷಿನವನು ಕಣ್ಣೊರೆಸಿಕೊಂಡ. ಸುಳ್ಳು ಹೇಳಲ್ಲ, ನಂಗೆ... ಖುಷಿ ಆಯ್ತು. ಆ ಗಳಿಗೆ ಖುಷಿ ಆಯ್ತು.

ಸತ್ತವನ ವಿಷಯ ಹೇಳ್ಲಿಲ್ಲ. ಅದನ್ನ ಮುಟ್ಟಲಿಲ್ಲ ಅಕ್ಕ, ಆಣೆ. ಬರೀ ಕಾಗದ.

ಅಮ್ಮ ಕೇಳಿಸ್ಕೊಂಡಾಗ ಏನಂದ್ಳು? ನಕ್ಕಳಾ?... ಅತ್ತಳಾ? ಬೈದಳಾ?

ಓ. ಅದ್ಯಾವುದೂ ಅಲ್ವಾ. ಎದ್ದು ಹೋಗಿ ಬಾಗಿಲು ಹಾಕ್ಕೊಂಡ್ಳಾ.

ತಲೆಕೆಳಗೆ ಹಿಡಿದಿದ್ದು ನಮಗೆ ಕಾಣಿಸಿತ್ತು ಅಂತ... ಮಂಗಳವಾರದವರೆಗೆ ಅವಳಿಗೆ ಗೊತ್ತೇ ಇರ್ಲಿಲ್ಲ ಅಲ್ವಾ. ನಾವು ಆ ಚಳಿಗಾಲ ಪೂರ್ತಿ ಗೊತ್ತಿದ್ದೇ ಕೂತಿದ್ವಿ ಅಂತ. ಅವಳು ಉಳಿಸಿಕೊಟ್ಟ ಕ್ರಿಸ್‌ಮಸ್ಸು... ಉಳಿದೇ ಇರ್ಲಿಲ್ಲ ಅಂತ. ಅದನ್ನ ನಾನು ರೇಡಿಯೋದಲ್ಲಿ ಹೇಳಿದೆ. ಊರೆಲ್ಲಾ ನಗುವಾಗ ಅವಳಿಗೆ ಅರ್ಥ ಆಗಿರ್ಬೇಕು.

ತಲೆ ಆಡಿಸ್ಬೇಡ. ಗೊತ್ತಾಯ್ತು.

ಅವಳ ಕಾಲು ಹಿಡ್ಕೊಳ್ತೀನಿ. ಇನ್ನು ಆ ಕಾಗದದ ಮಾತೇ ಬರಲ್ಲ ಅಂತ... ಮುಂದಿನ ಮಂಗಳವಾರ ಬೇರೆ ಕಥೆ ಅಂತ ಹೇಳ್ತೀನಿ...

ಯಾಕೆ ನನ್ನ ಕೈಚೀಲ ನೋಡ್ತಿದ್ದೀಯ? ಅದರಲ್ಲೇನಿಲ್ಲ. ಪೆನ್ಸಿಲ್ಲು, ಪುಟ್ಟ ಪುಸ್ತಕ. ಯಾವಾಗ್ಲೂ ಇಟ್ಕೊಂಡಿರ್ತೀನಿ.

ಅಕ್ಕ, ಬೈದುಬಿಡು. ಇಸ್ತ್ರಿ ತೆಗೆದು ಹೊಡಿ ಬೇಕಾದ್ರೆ.

...ಬೇರೆ ಕಥೆ ಅಲ್ಲ. ರೇಡಿಯೋ ಕೇಳೋರ ಪತ್ರಗಳು ರಾಶಿ ಬಂದಿವೆ, ಎಲ್ಲರಿಗೂ ಇಷ್ಟ ಆಗಿದೆಯಂತೆ. ಪ್ರತಿ ಮಂಗಳವಾರ ಪ್ಯಾನ್ಸಿ ಅದೇ ಕಾಗದ ಓದ್ಬೇಕು, ಪ್ರತಿ ವಾರ ಹೊಸ ಸುದ್ದಿ. ಬರೆಯೋಕೆ ನಿನ್ನಿಂದ ಆಗುತ್ತಾ ಅಂತ ಹಾಲ್ಡೇನ್ ಕೇಳ್ದ. ಹೂಂ ಅಂದೆ. ಅಮ್ಮ ಕೋಣೆ ಸೇರಿದ್ದಾಳೆ ಅಂತ ಗೊತ್ತಾದ ಮೇಲೇನೇ... ಹೂಂ ಅಂದೆ.

ಆದ್ರೆ ನಂಗಾಗ ಎಂಟೇ ವರ್ಷ ಅಕ್ಕ. ಅವಳು ಓದಿದ್ದರಲ್ಲಿ ನೀಲಿ ಟೋಪಿ, ಚಳಿ ಬಿಟ್ರೆ ನಂಗೆ ಬೇರೇನೂ ಸರಿಯಾಗಿ ನೆನಪಿಲ್ಲ. ಅಮ್ಮ ಹೇಳ್ತಾಳೇನೋ ಅಂತ ಬಂದೆ. ಅವಳು ಹೇಳ್ದಿದ್ರೆ...

ನಿಂಗೆ ಹನ್ನೊಂದಾಗಿತ್ತಲ್ವಾ. ಉಳಿದ ಭಾನುವಾರಗಳಲ್ಲಿ ಅವಳು ಏನೇನು ಓದಿದ್ಳು ಅಂತ... ನಿಂಗೆ ನೆನಪಿದೆಯಾ?