ಮೂರು ಗೆಣ್ಣಿನ ಹೆಬ್ಬೆಟ್ಟು

ಎದೆ ಸ್ಕ್ಯಾನ್ ಮಾಡುವ ಕೋಣೆಯ ಮುಂದೆ ಕೂತಿದ್ದ ಟೈಲರಮ್ಮನಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಆಗಲೇ ಎರಡು ಸಲ ಎದ್ದು ಹೊರಟಿದ್ದ. ಅಕ್ಕ ಅವನ ಅಂಗಿಯ ತೋಳು ಬಿಟ್ಟಿರಲಿಲ್ಲ.

“ಹೆಬ್ಬೆಟ್ಟಿಗೆ ಮೂರು ಗೆಣ್ಣಿದ್ರೆ ಎದೆ ಯಾಕಕ್ಕ ತೋರಿಸ್ಬೇಕು? ಇದು ನಮ್ಮನೆ ಗುರುತು.”

ಟೈಲರಮ್ಮ ಟೋಕನ್ನಿನ ಮರೆಯಲ್ಲಿ ತನ್ನ ಹೆಬ್ಬೆಟ್ಟಿನ ಗೆಣ್ಣು ಎಣಿಸಿಕೊಂಡಳು. ಎರಡೇ ಇದ್ದವು.

“ನನ್ನ ಮಗನ ಹೃದಯದಲ್ಲಿ ತೂತು ಸಿಕ್ಕಾಗ ಡಾಕ್ಟ್ರು ಮೊದಲು ನೋಡಿದ್ದು ಅವನ ಹೆಬ್ಬೆಟ್ಟು. ಆಮೇಲೆ ನನ್ನದು.”

“ಎಲ್ಲಿಯ ಕೈ, ಎಲ್ಲಿಯ ಹೃದಯ!”

“ಹೊಟ್ಟೇಲಿ ಕೂಸು ಬೆಳೆಯೋವಾಗ ಎರಡಕ್ಕೂ ಅಪ್ಪಣೆ ಕೊಡೋದು ಒಂದೇ ಜೀನಂತೆ ಕಣೋ. ಅದು ಕೆಟ್ರೆ ಎರಡೂ ಕಡೆ ಕೆಡುತ್ತೆ. ಮೀನಿನ ರೆಕ್ಕೆಗೂ ಹೃದಯಕ್ಕೂ ಅದೇ ಅಂತೆ. ಮೀನಿನ ಕಾಲದಿಂದ ಬಂದಿರೋ ಏರ್ಪಾಡು.”

“ನಾನೇನು ಮೀನಾ? ದಿನಾ ಪೈಪು ಹೊತ್ತು ನಾಲ್ಕು ಮಹಡಿ ಹತ್ತೋನು.”

“ಅಪ್ಪನೂ ಹತ್ತುತ್ತಿದ್ರು. ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ.”

“ಅಪ್ಪಂಗೆ ವಯಸ್ಸಾಗಿತ್ತು.”

“ನಲವತ್ತೊಂದು ಒಂದು ವಯಸ್ಸೇನೋ? ನಿಂಗೀಗ ಎಷ್ಟು?”

ತಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ.

“ಹೋದ ತಿಂಗಳು ನಿನ್ನ ಮಗಳು ಹುಟ್ಟಿದಾಗ ನೀನು ಮುಖದ ಫೋಟೊ ಕಳಿಸ್ಲಿಲ್ಲ. ಹೆಬ್ಬೆಟ್ಟಿನ ಫೋಟೊ ಕಳಿಸ್ದೆ. ‘ನಮ್ಮನೇದೇ’ ಅಂತ ಬೇರೆ ಬರ್ದಿದ್ದೆ.”

ನರ್ಸ್ ಬಾಗಿಲು ತೆರೆದು ಹದಿನೇಳನೇ ನಂಬರ್ ಕೂಗಿದಳು. ತಮ್ಮ ಎದ್ದ. ಈ ಸಲ ಅಕ್ಕ ತೋಳು ಬಿಟ್ಟಳು. ಅವನು ಬಾಗಿಲವರೆಗೆ ಹೋಗಿ ತಿರುಗಿದ.

“ಅಕ್ಕ, ಮನೆಗೆ ಫೋನ್ ಮಾಡು. ಮಗೂನ ಕರ್ಕೊಂಡು ಬರ್ಲಿ.”

ಅಕ್ಕ ಎದ್ದು ಅವನ ಹಿಂದೆಯೇ ಒಳಗೆ ನಡೆದಳು.

“ಆಗ್ಲೇ ಮಾಡಾಯ್ತು. ದಾರೀಲಿದ್ದಾರೆ.”